ಪೂಜಾರಿಯಿಲ್ಲದ ಗುಡಿಯ ಮುಂದೆ

ಆ ವರ್ಷದ ಚಳಿಗಾಲದ ಆರಂಭ ಎಂದರೆ ನನಗೆ ಮೊದಲು ನೆನಪಾಗುವುದು ರೈಲು. ಪ್ರಿನ್ಸ್‌ಟನ್ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆಂದು ಅಂದಾಜು ಮಾಡಿ ಗುಂಪುಗೂಡುವ ಜನ, ಅವರ ನಡುವೆ ತೂರಿಕೊಳ್ಳುವ ನಾನು. ಸೀಟು ಸಿಕ್ಕಿದರೆ ಕೂತು ಕಣ್ಣು ಮುಚ್ಚುತ್ತಿದ್ದೆ, ಸಿಗದಿದ್ದರೆ ಕಂಬ ಹಿಡಿದು ನಿಂತೇ ಮುಚ್ಚುತ್ತಿದ್ದೆ. ನ್ಯೂಯಾರ್ಕಿನಲ್ಲಿ ಇಳಿದು, ಸಬ್‌ವೇ ಹಿಡಿದು, ಮ್ಯಾನ್‌ಹಟನ್ನಿನ ದಕ್ಷಿಣ ತುದಿಯ ಆಫೀಸು ಮುಟ್ಟುವ ಹೊತ್ತಿಗೆ ದಿನದ ಅರ್ಧ ಶಕ್ತಿ ಮುಗಿದಿರುತ್ತಿತ್ತು.

ಕೆಲಸವಾದರೂ ಎಂಥದು? ಹಳೆಯ ಪ್ರೋಗ್ರಾಂಗಳಲ್ಲಿ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದರು. ಹೊಸ ಶತಮಾನ ಹುಟ್ಟಿದ ಕ್ಷಣವೇ ಕಂಪ್ಯೂಟರುಗಳು ಅದನ್ನು ಸಾವಿರದ ಒಂಬೈನೂರು ಎಂದು ತಿಳಿದು ಗೋಜಲು ಮಾಡುತ್ತವೆಂದು ಲೋಕವೆಲ್ಲ ಹೆದರಿತ್ತು. ಆ ಹೆದರಿಕೆಯಿಂದಲೇ ನನ್ನಂಥವರಿಗೆ ವೀಸಾ ಸಿಕ್ಕಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಅಮೆರಿಕಕ್ಕೆ ಬಂದು ಮಾಡುತ್ತಿದ್ದದ್ದು, ಬೆಳಗಿನಿಂದ ಸಂಜೆಯವರೆಗೆ ಬೇರೆ ಯಾರೋ ಎಂದೋ ಬರೆದ ಸಾಲುಗಳಲ್ಲಿ ತಾರೀಖು ಹುಡುಕುವ ಕೆಲಸ. ಯಾವುದಾದರೊಂದು ತಪ್ಪಿಹೋದರೆ ಎಂಬ ಭಯ ಒಂದು ಕಡೆ, ಎಲ್ಲ ಮುಗಿದುಹೋದರೆ ನಮ್ಮ ಕೆಲಸವೂ ಮುಗಿಯುತ್ತದಲ್ಲ ಎಂಬ ಭಯ ಇನ್ನೊಂದು ಕಡೆ.

ನಾವಿದ್ದದ್ದು ವೆಸ್ಟ್ ವಿಂಡ್ಸರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ನನ್ನ ಗಂಡನೂ ಇದೇ ಕಸುಬಿನವರು. ಅವರ ಕ್ಲೈಂಟ್ ಇದ್ದದ್ದು ಒಹಾಯೋದಲ್ಲಿ. ಸೋಮವಾರ ಬೆಳಿಗ್ಗೆ ನ್ಯೂವಾರ್ಕಿನಲ್ಲಿ ವಿಮಾನ ಹತ್ತಿದರೆ ಶುಕ್ರವಾರ ವಾಪಸು. ಬಟ್ಟೆ ಒಗೆದು, ಒಣಗಿಸಿ, ಮಡಿಸಿ, ಮತ್ತೆ ಸೂಟ್‌ಕೇಸಿಗೆ ತುಂಬುವುದರಲ್ಲಿ ನಮ್ಮ ಸಂಸಾರ ನಡೆಯುತ್ತಿತ್ತು.

ಇಂಥದ್ದರ ನಡುವೆ ನಾನು ಬಸುರಿಯಾದೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡವೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಮೈಸೂರಿನಲ್ಲಿದ್ದ ಅಮ್ಮನಿಗೂ ಹೇಳಿರಲಿಲ್ಲ. ಹೇಳುವ ದಿನ ಹತ್ತಿರ ಬಂದಾಗ ಸ್ಕ್ಯಾನಿಂಗಿಗೆ ಹೋದೆವು. ಸ್ಕ್ಯಾನ್ ಮಾಡುವ ಹುಡುಗಿ ತಣ್ಣನೆಯ ಜೆಲ್ ಹಚ್ಚಿ, ಸ್ವಲ್ಪ ಹೊತ್ತು ನೋಡಿ, ಪರದೆಯನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು. "ಡಾಕ್ಟರ್ ಬಂದು ಮಾತಾಡುತ್ತಾರೆ" ಎಂದಳು. ಅಷ್ಟರಲ್ಲೇ ನನಗೆ ತಿಳಿದುಹೋಯಿತು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದು ವಾರಾಂತ್ಯವೆಲ್ಲ ಮಲಗಿದೆ. ಗಂಡ ಇನ್ನೂ ಎರಡು ದಿನ ಇದ್ದು, ಒಹಾಯೋದಿಂದ ಫೋನ್ ಮೇಲೆ ಫೋನ್ ಬಂದಾಗ ಹೊರಟರು. ಹೊರಡುವಾಗ ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದರು. ಮರುದಿನ ನಾನೂ ರೈಲು ಹತ್ತಿದೆ. ಬಸುರಿಯೆಂದು ಮ್ಯಾನೇಜರಿಗೆ ಹೇಳಿರಲೇ ಇಲ್ಲ. ಹೇಳದ ಸುದ್ದಿಯನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಹೊಟ್ಟೆನೋವಿತ್ತು ಎಂದೆ. ಆತ ತಲೆಯಾಡಿಸಿ ಒಂದು ಕಟ್ಟು ಪ್ರಿಂಟ್‌ಔಟ್ ಮುಂದಿಟ್ಟ. ಮಗು ಮುಂದಿನ ಬೇಸಿಗೆಯ ಹೊತ್ತಿಗೆ ಹುಟ್ಟಬೇಕಾಗಿತ್ತು. ನಾನು ದಿನವಿಡೀ ಸರಿಪಡಿಸುತ್ತಿದ್ದ ಆ ಎರಡು ಸೊನ್ನೆಗಳ ವರ್ಷದಲ್ಲಿ. ಒಂದೊಂದು ಸಲ ಪರದೆಯ ಮೇಲೆ ಆ ಸೊನ್ನೆಗಳು ಕಂಡರೆ ಎದ್ದು ನೀರು ಕುಡಿದು ಬರುತ್ತಿದ್ದೆ.

ನನ್ನ ಎದುರಿನ ಕ್ಯೂಬಿಕಲ್ಲಿನಲ್ಲಿ ಜಪಾನಿನ ಒಬ್ಬ ಹೆಂಗಸು ಕೂರುತ್ತಿದ್ದರು. ಅರವತ್ತರ ಆಸುಪಾಸು. ತುಂಬ ಚಿಕ್ಕ ಆಳು, ಕತ್ತರಿಸಿದ ಬಿಳಿ ಕೂದಲು, ಯಾವಾಗಲೂ ಒಂದೇ ಬೂದುಬಣ್ಣದ ಸ್ವೆಟರ್. ಹರೆಯದಲ್ಲೇ ಅಮೆರಿಕನ್ನನೊಬ್ಬನನ್ನು ಮದುವೆಯಾಗಿ ಬ್ರೂಕ್ಲಿನ್ನಿಗೆ ಬಂದವರು. ಗಂಡ ತೀರಿಕೊಂಡಿದ್ದರು. ನಾವು ತಿದ್ದಿದ ಪ್ರೋಗ್ರಾಂಗಳನ್ನು ಓಡಿಸಿ ನೋಡಿ ತಪ್ಪು ಹಿಡಿಯುವುದು ಅವರ ಕೆಲಸ. ತಪ್ಪು ಸಿಕ್ಕಿದಾಗ ಎದ್ದು ಬಂದು, "ಕ್ಷಮಿಸು, ಇದು ಮತ್ತೆ ಬಿದ್ದಿದೆ" ಎಂದು ತಾವೇ ಬೀಳಿಸಿದವರ ಹಾಗೆ ಹೇಳುತ್ತಿದ್ದರು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ಅದು ಇಬ್ಬರ ಮನೆಯ ಭಾಷೆಯೂ ಅಲ್ಲ. ಕನ್ನಡದಲ್ಲಿ ನೆನೆಸಿಕೊಳ್ಳುವಾಗ ಅವರು ನನ್ನನ್ನು 'ನೀನು' ಎಂದೇ ಕರೆಯುತ್ತಿದ್ದರೆಂದು ಅನ್ನಿಸುತ್ತದೆ.

ನವೆಂಬರ್ ಬಂದ ಮೇಲೆ ಶನಿವಾರಗಳಲ್ಲೂ ಕೆಲಸ ಶುರುವಾಯಿತು. ಅಂಥ ಒಂದು ಶನಿವಾರದ ಹಿಂದಿನ ಸಂಜೆ ಮನೆಗೆ ಬಂದು ಆನ್ಸರಿಂಗ್ ಮೆಷೀನ್ ಒತ್ತಿದರೆ ನಮ್ಮ ಕಾಂಪ್ಲೆಕ್ಸಿನ ಆಂಟಿಯ ಧ್ವನಿ. ಬಂದ ಹೊಸದರಲ್ಲಿ ನನಗೆ ತರಕಾರಿ ಅಂಗಡಿಯಿಂದ ಹಿಡಿದು ಡ್ರೈವಿಂಗ್ ಟೆಸ್ಟಿನವರೆಗೆ ಎಲ್ಲವನ್ನೂ ತೋರಿಸಿಕೊಟ್ಟವರು ಅವರು.

"ನೋಡಮ್ಮಾ, ನಾಳೆ ನಾಲ್ಕು ಗಂಟೆಗೆ ಕ್ಲಬ್‌ಹೌಸಲ್ಲಿ ಪಕ್ಕದ್ ಬ್ಲಾಕ್ ಹುಡ್ಗಿ ಸೀಮಂತ, ಮರೀಬೇಡ. ಆರತಿ ಹಾಡು ಹೇಳೋಕೆ ನಿನ್ ಬಿಟ್ರೆ ಇನ್ಯಾರಿದ್ದಾರೆ ಹೇಳು. ಹಸಿರು ಸೀರೆ ಇದ್ರೆ ಅದನ್ನೇ ಉಟ್ಕೊಂಡ್ ಬಾ. ಬರ್ಲೇಬೇಕು."

ಅಲ್ಲಿನ ಕನ್ನಡದ ಮನೆಗಳಲ್ಲಿ ಏನೇ ನಡೆದರೂ ಹಾಡು ನನ್ನದೇ ಎಂದು ಯಾರೋ ಎಂದೋ ತೀರ್ಮಾನ ಮಾಡಿಬಿಟ್ಟಿದ್ದರು. ನಾನು ವಾಪಸು ಫೋನ್ ಮಾಡಲಿಲ್ಲ. ಹಸಿರು ಸೀರೆಯನ್ನು ತೆಗೆದು ಕುರ್ಚಿಯ ಮೇಲಿಟ್ಟು ಮಲಗಿದೆ.

ಮರುದಿನ ಆಫೀಸಿನಲ್ಲಿ ಕೆಲಸ ಶುರುವಾದ ಸ್ವಲ್ಪ ಹೊತ್ತಿಗೇ ಟೆಸ್ಟ್ ಸಿಸ್ಟಂ ಕೂತುಬಿಟ್ಟಿತು. ಎಬ್ಬಿಸಲು ನೋಡಿದರು, ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಎಲ್ಲರೂ ಮನೆಗೆ ಹೋಗಿ ಎಂದ. ಬೇರೆಯವರು ಖುಷಿಯಿಂದ ಕೋಟು ಹಾಕಿಕೊಂಡರು. ನಾನು ಕೂತೇ ಇದ್ದೆ. ಈಗ ಹೊರಟರೆ ನಾಲ್ಕು ಗಂಟೆಯೊಳಗೆ ಧಾರಾಳವಾಗಿ ಮನೆ ಸೇರಬಹುದಿತ್ತು. ನನ್ನ ಬಳಿ ಇದ್ದ ಒಂದೇ ಒಂದು ನೆಪ ಆ ಸಿಸ್ಟಂ, ಅದೂ ಕೈಕೊಟ್ಟಿತ್ತು.

ಎದುರಿನವರು ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಬಂದು ನಿಂತರು.

"ಮನೆಗೆ ಹೋಗುವುದಿಲ್ಲವೆ?"

"ಹೋಗಬೇಕು. ಒಂದು ಸಮಾರಂಭ ಇದೆ."

"ಹೋಗಬೇಕೆಂದು ಆಸೆ ಇದೆಯೆ?"

ನಾನು ಮುಂದಿದ್ದ ಕಾಗದಗಳ ಅಂಚು ಸರಿಮಾಡತೊಡಗಿದೆ. ಅವರು ನನ್ನ ಕೋಟನ್ನು ಗೂಟದಿಂದ ತೆಗೆದು ಕೈಗೆ ಕೊಟ್ಟರು. "ನನ್ನ ಜೊತೆ ಬಾ. ನಮ್ಮ ಮನೆಯ ಹತ್ತಿರ ಒಂದು ಗುಡಿ ಇದೆ. ನಮ್ಮ ದೇಶದ್ದು. ನಾನು ಶನಿವಾರ ಅಲ್ಲಿಗೆ ಹೋಗುತ್ತೇನೆ. ಊಟ ಇಬ್ಬರಿಗಾಗುವಷ್ಟು ಇದೆ."

ಬೇಡ ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ನನ್ನಲ್ಲಿ ಇರಲಿಲ್ಲ. ಹೊರಟೆ.

ಸಬ್‌ವೇ ನದಿಯ ಕೆಳಗೆ ಹಾದು ಬ್ರೂಕ್ಲಿನ್ನಿಗೆ ಬಂತು. ಮೆಟ್ಟಿಲು ಹತ್ತಿ ಮೇಲೆ ಬಂದರೆ ಅಗಲವಾದ ರಸ್ತೆ, ಎರಡೂ ಕಡೆಗೆ ಬಿಡುವಿಲ್ಲದ ಕಾರು, ಬಸ್ಸು, ಎಲ್ಲೋ ಕಿರಿಚುತ್ತ ಹೋಗುವ ಆಂಬ್ಯುಲೆನ್ಸ್. ಇಂಥ ಜಾಗದಲ್ಲಿ ಗುಡಿ ಎಲ್ಲಿಂದ ಬರಬೇಕು ಎಂದುಕೊಳ್ಳುವಷ್ಟರಲ್ಲಿ ಅವರು ಒಂದು ಕಬ್ಬಿಣದ ಗೇಟಿನೊಳಗೆ ತಿರುಗಿದರು. ದೊಡ್ಡ ಸಸ್ಯತೋಟ. ಎಲೆಯೆಲ್ಲ ಉದುರಿದ ಮರಗಳು. ಸ್ವಲ್ಪ ನಡೆದರೆ ಒಂದು ಕೊಳ, ಕೊಳದ ನೀರಿನಲ್ಲೇ ನಿಂತ ಕೆಂಪು ಮರದ ಹೆಬ್ಬಾಗಿಲು. ಎರಡು ಕಂಬ, ಮೇಲೆ ಅಡ್ಡತೊಲೆಗಳು, ಅಷ್ಟೆ. ಸುತ್ತ ಗೋಡೆಯಿಲ್ಲ, ಹಿಂದೆ ಕಟ್ಟಡವಿಲ್ಲ. ನಾನು ಅದೇ ಗುಡಿಯೆಂದುಕೊಂಡು ನಿಂತು ಕೈಮುಗಿದೆ.

ಅವರು ನಕ್ಕರು. ಆಫೀಸಿನಲ್ಲಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. "ಅದು ಬಾಗಿಲು ಮಾತ್ರ. ದೇವರು ಮೇಲಿದ್ದಾರೆ."

ಕೊಳದ ಹಿಂದಿನ ಗುಡ್ಡದ ಮೇಲೆ, ಪೈನ್ ಮರಗಳ ನಡುವೆ ಒಂದು ಪುಟ್ಟ ಮರದ ಗುಡಿ. ನಮ್ಮ ಊರಿನ ಕಡೆ ಹೊಲದ ಬದುವಿನಲ್ಲಿ ಇರುವ ಗುಡಿಗಳಷ್ಟೇ ಚಿಕ್ಕದು. ಬಾಗಿಲು ಮುಚ್ಚಿತ್ತು. ಪೂಜಾರಿಯಿಲ್ಲ, ಗಂಟೆಯಿಲ್ಲ, ದೀಪವಿಲ್ಲ. ನೋಡಲು ಬಂದ ಯಾರೋ ಇಬ್ಬರು ಫೋಟೋ ತೆಗೆದುಕೊಂಡು ಇಳಿದು ಹೋದರು. ನಾನು ಅಭ್ಯಾಸಬಲದಿಂದ ಶೂ ಬಿಚ್ಚಲು ಬಗ್ಗಿದೆ.

"ಬೇಡ, ಬೇಡ. ಚಳಿ. ಅವರಿಗೇನೂ ಬೇಜಾರಿಲ್ಲ," ಎಂದು ತಡೆದರು. ಚೀಲದಿಂದ ನೀರಿನ ಬಾಟಲಿ ತೆಗೆದರು. "ನಮ್ಮಲ್ಲಿ ಕೈ ತೊಳೆಯಲು ಕಲ್ಲಿನ ತೊಟ್ಟಿ ಇರುತ್ತದೆ. ಇಲ್ಲಿ ನಾನೇ ತರುತ್ತೇನೆ." ನನ್ನ ಎರಡೂ ಅಂಗೈಗೆ ನೀರು ಹೊಯ್ದರು. ನೀರು ಕೊರೆಯುತ್ತಿತ್ತು. ಆಮೇಲೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ತಮ್ಮ ಕೈ ಚಾಚಿದರು. ನಾನು ಹೊಯ್ದೆ.

ಈ ಗುಡಿಯ ದೇವರು ಅನ್ನದ ದೇವರು, ಬೆಳೆಯ ದೇವರು, ನರಿ ಆತನ ದೂತ ಎಂದು ಹೇಳಿದರು. ಇದು ಹಳೆಯದಂತೆ. ಹಿಂದೊಮ್ಮೆ ಸುಟ್ಟುಹೋಗಿತ್ತಂತೆ, ಎಷ್ಟೋ ವರ್ಷಗಳ ಮೇಲೆ ಮತ್ತೆ ಕಟ್ಟಿದರಂತೆ. "ನಾನು ಮದುವೆಯಾಗಿ ಬಂದಾಗ ಕಟ್ಟಿ ಹೆಚ್ಚು ದಿನ ಆಗಿರಲಿಲ್ಲ. ಮರದ ವಾಸನೆ ಇನ್ನೂ ಹೊಸದಾಗಿತ್ತು. ಆಗ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬೀದಿಯಲ್ಲಿ ಜನ ನನ್ನನ್ನು ನೋಡುವ ರೀತಿ ಚೆನ್ನಾಗಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಕಿಟಕಿ ಕಡೆಗೇ ಮುಖ ಮಾಡಿ ಕೂರುತ್ತಿದ್ದೆ. ಇಲ್ಲಿಗೆ ಬಂದು ಈ ಗುಡಿಯನ್ನು ಬೈಯುತ್ತಿದ್ದೆ. ನೀನೂ ಸುಮ್ಮನೆ ಕೂತಿದ್ದೀಯಲ್ಲ ಎಂದು."

"ದೇವರನ್ನೇ ಬೈಯುತ್ತಿದ್ದಿರಾ?"

"ಬೇರೆ ಯಾರಿಗೂ ನನ್ನ ಭಾಷೆ ಬರುತ್ತಿರಲಿಲ್ಲ."

ಅವರು ಗುಡಿಯ ಮುಂದೆ ನಿಂತು ಎರಡು ಸಲ ಸೊಂಟದವರೆಗೆ ಬಾಗಿದರು. ಎರಡು ಸಲ ಚಪ್ಪಾಳೆ ತಟ್ಟಿದರು. ಆ ಸಣ್ಣ ಕೈಗಳಿಂದ ಅಷ್ಟು ಗಟ್ಟಿ ಸದ್ದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನೂ ಹಾಗೇ ಮಾಡಿದೆ. ನನ್ನ ಚಪ್ಪಾಳೆ ಪುಸ್ಸೆಂದಿತು.

"ಈಗ ಏನು ಕೇಳಿಕೊಳ್ಳಬೇಕು?" ಎಂದೆ ಪಿಸುಮಾತಿನಲ್ಲಿ.

"ಮೊದಲು ಹೆಸರು, ವಿಳಾಸ ಹೇಳು. ಇಲ್ಲದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಕೇಳುವುದು ಆಮೇಲೆ. ಕೇಳದಿದ್ದರೂ ನಡೆಯುತ್ತದೆ."

ನಮ್ಮಲ್ಲೂ ಹಾಗೇ ಅಲ್ಲವೆ? ಅರ್ಚನೆಗೆ ನಿಂತರೆ ಗೋತ್ರ, ನಕ್ಷತ್ರ, ಹೆಸರು, ಮನೆಮಂದಿಯ ಹೆಸರು. ಅಮ್ಮ ಮನೆಯವರೆಲ್ಲರ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು, ಯಾರಾದರೂ ಬಿಟ್ಟುಹೋದರೆ ಪೂಜಾರಿಯನ್ನು ನಿಲ್ಲಿಸಿ ಸೇರಿಸುತ್ತಿದ್ದಳು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ನನ್ನ ಹೆಸರು ಹೇಳಿದೆ. ವೆಸ್ಟ್ ವಿಂಡ್ಸರಿನ ಮನೆಯ ನಂಬರು, ರಸ್ತೆ ಹೇಳಿದೆ. ಗಂಡನ ಹೆಸರು ಹೇಳಿದೆ. ಅಭ್ಯಾಸದ ಓಟದಲ್ಲಿ ಮುಂದಿನ ಹೆಸರಿಗೆ ಹೋದೆ, ಅಲ್ಲಿ ಹೆಸರಿರಲಿಲ್ಲ. ನಿಂತುಬಿಟ್ಟೆ. ಮೇಲೆ ವಿಮಾನವೊಂದು ದೊಡ್ಡದಾಗಿ ಗುಡುಗುತ್ತ ಹೋಯಿತು. ಕೊನೆಗೆ, "ಇನ್ನೊಂದು ಇತ್ತು" ಎಂದಷ್ಟೇ ಹೇಳಿದೆ. ಕನ್ನಡದಲ್ಲೇ ಹೇಳಿದೆ, ಬಾಯಿ ಬಿಟ್ಟೇ ಹೇಳಿದೆನೆಂದು ಆಮೇಲೆ ಗೊತ್ತಾಯಿತು.

ಅವರು ಏನೆಂದು ಕೇಳಲಿಲ್ಲ. ಮತ್ತೊಂದು ಸಲ ಬಾಗಿದರು. ನಾನೂ ಬಾಗಿದೆ.

ಕೊಳದ ದಡದಲ್ಲಿ ಮರದ ಮಂಟಪವಿದೆ, ಕೂರಲು ಜಗಲಿಯಿದೆ. ಅಲ್ಲಿ ಕೂತು ಅವರು ಡಬ್ಬಿ ತೆರೆದರು. ಸೋಯಾ ಹಾಲಿನ ಪನೀರಿನಂಥ ತೋಫುವನ್ನು ಕರಿದು, ಸಿಹಿಯಾಗಿ ಬೇಯಿಸಿ, ಪುಟ್ಟ ಚೀಲದಂತೆ ಬಿಡಿಸಿ, ಒಳಗೆ ಹುಳಿಯನ್ನ ತುಂಬಿದ್ದರು. ನರಿಗೆ ಇದು ಇಷ್ಟವಂತೆ.

"ತಿನ್ನು. ಮೀನಿನ ಸಾರು ಹಾಕಿಲ್ಲ. ಅಣಬೆಯ ನೀರಿನಲ್ಲಿ ಬೇಯಿಸಿದ್ದೇನೆ."

ನಾನು ಮೀನು, ಮಾಂಸ ತಿನ್ನುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅಂದರೆ ನಿನ್ನೆಯೇ ನನಗಾಗಿ ಮಾಡಿದ್ದರು. ಸಿಸ್ಟಂ ಕೂರದಿದ್ದರೂ ಕರೆಯುವವರಿದ್ದರು. ಅದನ್ನು ಯೋಚಿಸುತ್ತ ಒಂದನ್ನು ಬಾಯಿಗಿಟ್ಟೆ. ತುಂಬ ದಿನದ ಮೇಲೆ ನಾಲಿಗೆಗೆ ರುಚಿ ತಿಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅವರು ಕೊಳವನ್ನೇ ನೋಡುತ್ತ ಹೇಳಿದರು. "ಸೆಪ್ಟೆಂಬರಿನಲ್ಲಿ ನಿನ್ನ ಡ್ರಾಯರಿನಲ್ಲಿ ಉಪ್ಪಿನ ಬಿಸ್ಕತ್ತು ಇರುತ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ನೀನು ಅದನ್ನು ತಿನ್ನುತ್ತಿದ್ದೆ. ಕಾಫಿ ಬಿಟ್ಟಿದ್ದೆ. ಈಗ ಬಿಸ್ಕತ್ತಿಲ್ಲ. ಮತ್ತೆ ಕಾಫಿ ಕುಡಿಯುತ್ತಿದ್ದೀಯ."

ನಾನು ಅತ್ತೆ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಗಂಡನ ಮುಂದೆ ಅತ್ತಿರಲಿಲ್ಲ, ಅವರೂ ನನ್ನ ಮುಂದೆ ಅಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದನ್ನು ನೋಡಿ ನಾನೂ ಕಚ್ಚಿಕೊಂಡಿದ್ದೆ. ಈಗ ಅನ್ನದ ತುತ್ತು ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ಎಲ್ಲವನ್ನೂ ಹೇಳಿದೆ. ಸ್ಕ್ಯಾನಿಂಗಿನ ಹುಡುಗಿ ಪರದೆ ತಿರುಗಿಸಿದ್ದು, ಹೊಟ್ಟೆನೋವೆಂದು ಹೇಳಿದ್ದು, ಸಂಜೆಯ ಸೀಮಂತ, ಕುರ್ಚಿಯ ಮೇಲಿನ ಸೀರೆ.

"ನಿಮಗೂ ಹೀಗೆ ಆಗಿತ್ತೆ?" ಎಂದು ಕೇಳಿದೆ. ಆಗಿತ್ತು ಎಂದರೆ ಸಮಾಧಾನವಾಗುತ್ತದೆಂದು ತೋರಿತ್ತು.

ಅವರು ತಲೆಯಲ್ಲಾಡಿಸಿದರು. "ಇಲ್ಲ. ನನಗೆ ಇಬ್ಬರು ಮಕ್ಕಳು, ಇಬ್ಬರೂ ಚೆನ್ನಾಗಿದ್ದಾರೆ. ನಿನಗೆ ಆದದ್ದು ನನಗೆ ಗೊತ್ತಿಲ್ಲ. ಗೊತ್ತು ಎಂದು ಹೇಳುವುದಿಲ್ಲ. ಆದರೆ ಸುಸ್ತು ಗೊತ್ತು. ಮಲಗಿದರೂ ಹೋಗದ ಸುಸ್ತು."

ಇದಕ್ಕಿಂತ ದೊಡ್ಡ ಮಾತೇನನ್ನೂ ಅವರು ಆಡಲಿಲ್ಲ. ಡಬ್ಬಿ ಮುಚ್ಚಿ, ತಮ್ಮ ಉಣ್ಣೆಯ ಶಾಲನ್ನು ನನ್ನ ಕೊರಳಿಗೆ ಸುತ್ತಿ, "ಕಣ್ಣು ಮುಚ್ಚು" ಎಂದರು. ನಾನು ಮಂಟಪದ ಕಂಬಕ್ಕೆ ಒರಗಿದೆ. ರಸ್ತೆಯ ಸದ್ದು ದೂರದಿಂದ ಒಂದೇ ಸಮನೆ ಬರುತ್ತಿತ್ತು. ಆ ಚಳಿಯಲ್ಲಿ, ಆ ಗಟ್ಟಿ ಹಲಗೆಯ ಮೇಲೆ ನಾನು ನಿದ್ದೆಹೋದೆ. ತೋಟದ ಕಾವಲಿನವನು ಬಂದು ಮುಚ್ಚುವ ಹೊತ್ತಾಯಿತೆಂದು ಹೇಳಿದಾಗಲೇ ಎಚ್ಚರ. ಅವರು ಕದಲದೆ ಪಕ್ಕದಲ್ಲೇ ಕೂತಿದ್ದರು, ಮೂಗು ಚಳಿಗೆ ಕೆಂಪಾಗಿತ್ತು. ವೆಸ್ಟ್ ವಿಂಡ್ಸರಿನಲ್ಲಿ ಆ ಹೊತ್ತಿಗೆ ಬಳೆ ತೊಡಿಸಿ ಆರತಿಯೂ ಆಗಿರಬೇಕು.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಆಂಟಿ, ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಎಲೆ ಅಡಿಕೆ ತೆಂಗಿನಕಾಯಿಯ ಚೀಲ.

"ಏನೇ ನೀನು! ಫೋನೂ ಇಲ್ಲ, ಪತ್ತೇನೂ ಇಲ್ಲ. ಕೊನೇಗೆ ಟೇಪ್‌ರೆಕಾರ್ಡರ್ ಹಾಕಿ ಆರತಿ ಮಾಡಿದ್ವಿ, ಅದೂ ನಡುವೆ ನಿಂತೋಯ್ತು. ಅಷ್ಟೊಂದು ಬಿಜಿನಾ?"

"ಆಂಟಿ, ನಂಗೆ ಹೋದ ತಿಂಗ್ಳು ಅಬಾರ್ಷನ್ ಆಯ್ತು," ಎಂದೆ. ಬಾಗಿಲಲ್ಲೇ. ಹಿಂದಿನ ದಿನ ಒಂದು ಸಲ ಹೇಳಿ ಆಗಿದ್ದರಿಂದಲೋ ಏನೋ, ಮಾತು ತಾನಾಗಿ ಬಂತು.

ಆಂಟಿ ಒಳಗೆ ಬಂದರು. ಚೀಲವನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಅಡುಗೆಮನೆಯ ಮೂಲೆಯಲ್ಲಿಟ್ಟರು. ಸೋಫಾದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. "ಮೆಷೀನಲ್ಲಿ ಹಸಿರು ಸೀರೆ ಉಟ್ಕೊಂಡ್ ಬಾ ಅಂದ್ನಲ್ಲೇ," ಎಂದು ಅವರೇ ಕಣ್ಣೊರೆಸಿಕೊಂಡರು.

"ನಿಮ್ಗೇನ್ ಗೊತ್ತಿತ್ತು ಆಂಟಿ."

"ಅಮ್ಮಂಗೆ ಹೇಳಿದ್ಯಾ?"

"ಇಲ್ಲ."

"ಫೋನ್ ಕಾರ್ಡ್ ಎಲ್ಲಿದೆ ತಗೊಂಡ್ ಬಾ. ಈಗ ಅಲ್ಲಿ ರಾತ್ರಿ ಊಟದ ಹೊತ್ತು, ಎದ್ದಿರ್ತಾರೆ."

ಅವರೇ ಕಾರ್ಡಿನ ನಂಬರು ಒತ್ತಿದರು. ಆದದ್ದನ್ನು ಅಮ್ಮನಿಗೆ ನಾನೇ ಹೇಳಿದೆ. "ಒಬ್ಳೇ ಇದ್ಯೇನೇ?" ಎಂದಳು. "ಇಲ್ಲಮ್ಮ, ಆಂಟಿ ಇದ್ದಾರೆ," ಎಂದೆ. "ಅವ್ರಿಗೆ ಕೊಡು," ಎಂದಳು. ಇಬ್ಬರು ಹೆಂಗಸರು, ಒಬ್ಬರನ್ನೊಬ್ಬರು ನೋಡದವರು, ನನ್ನ ಊಟ, ನಿದ್ದೆ, ಎಣ್ಣೆನೀರಿನ ವಿಷಯ ಮಾತಾಡುತ್ತಲೇ ಇದ್ದರು. ನಾನು ಪಕ್ಕದಲ್ಲಿ ಚಿತ್ರಾನ್ನ ತಿಂದೆ.

ಆ ಸಂಜೆ ನ್ಯೂವಾರ್ಕಿಗೆ ಡ್ರೈವ್ ಮಾಡಿಕೊಂಡು ಹೋದೆ. ವಾರಾಂತ್ಯವೂ ಒಹಾಯೋದಲ್ಲೇ ದುಡಿದಿದ್ದ ಗಂಡ ಒಂದು ರಾತ್ರಿಗಾಗಿ ಮನೆಗೆ ಬರುತ್ತಿದ್ದರು. ಮತ್ತೆ ಬೆಳಿಗ್ಗೆಯೇ ವಿಮಾನ. ಸೂಟ್‌ಕೇಸನ್ನು ಹಿಂದಿನ ಸೀಟಿಗೆ ಎಸೆದು ಕೂತು, ಕಣ್ಣು ಮುಚ್ಚಿದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಕಾರು ಶುರು ಮಾಡಲಿಲ್ಲ.

"ರೀ, ನಾಳೆ ಹೋಗ್ಬೇಡಿ."

"ಹೇಗಾಗತ್ತೆ? ಗೋ-ಲೈವ್ ಇದೆ ಈ ವಾರ, ತಿದ್ದಿದ್ದೆಲ್ಲ ಚಾಲೂ ಮಾಡ್ಬೇಕು. ನಾನಿಲ್ದಿದ್ರೆ..."

"ನಂಗೆ ಸುಸ್ತಾಗಿದೆ. ನಿಮ್ಗೂ ಆಗಿದೆ. ನಾವಿಬ್ರೂ ಒಟ್ಟಿಗೆ ಅತ್ತೂ ಇಲ್ಲ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಪೊಲೀಸಿನವನು ಮುಂದೆ ಹೋಗಿ ಎಂದು ಕೈ ಬೀಸಿದ. ಗಂಡ ನನ್ನನ್ನು ನೋಡಿದರು, ಆ ಆಸ್ಪತ್ರೆಯ ದಿನದ ನಂತರ ಮೊದಲ ಸಲ ಸರಿಯಾಗಿ ನೋಡಿದರು ಅನ್ನಿಸಿತು. "ಮನೆಗೆ ಹೋಗಿ ಫೋನ್ ಮಾಡ್ತೀನಿ," ಎಂದರು.

ಮಾಡಿದರು. ಆ ಕಡೆಯವರು ಕೂಗಾಡಿದ್ದು ನನಗೂ ಕೇಳಿಸುತ್ತಿತ್ತು. ಇವರು "ನೋ" ಎಂದರು, "ಸಾರಿ" ಎಂದರು, ಮತ್ತೆ "ನೋ" ಎಂದರು. ನಾನೂ ನನ್ನ ಮ್ಯಾನೇಜರಿಗೆ ಮೆಸೇಜ್ ಬಿಟ್ಟೆ. ಈ ಸಲ ಹೊಟ್ಟೆನೋವು ಎನ್ನಲಿಲ್ಲ, ಆದದ್ದನ್ನು ಹೇಳಿದೆ. ವಾರವಿಡೀ ರಜೆ ಹಾಕಿದೆ.

ನಾವು ಹೆದರಿದ ಹಾಗೆ ಇಬ್ಬರ ಕೆಲಸವೂ ಹೋಗಲಿಲ್ಲ. ಹೊಸ ವರ್ಷ ಬಂದಾಗ ದೀಪಗಳೂ ಆರಲಿಲ್ಲ. ಜಪಾನಿನ ಆಕೆ ವಸಂತದಲ್ಲಿ ಕೆಲಸ ಬಿಟ್ಟು ಮಗಳ ಮನೆಯ ಕಡೆಗೆ ಹೋದರು. ಹೋಗುವ ಮುನ್ನ ನಾವು ಮೂವರೂ ಒಮ್ಮೆ ಬ್ರೂಕ್ಲಿನ್ನಿಗೆ ಹೋದೆವು. ಚೆರಿ ಹೂವಿನ ಕಾಲ, ಗುಡ್ಡ ಹತ್ತಲಾಗದಷ್ಟು ಜನ. ಕೆಳಗಿನಿಂದಲೇ ಬಾಗಿದೆವು. ನನ್ನ ಗಂಡ ಚಪ್ಪಾಳೆ ತಟ್ಟಿದ್ದನ್ನು ನೋಡಿ ಯಾರೋ ತಿರುಗಿ ನೋಡಿದರು.

ಆದರೆ ಇಬ್ಬರೂ ರಜೆ ಹಾಕಿದ ಆ ಸೋಮವಾರವೇ ನನಗೆ ಹೆಚ್ಚು ನೆನಪು. ಬೆಳಗಾಗುವ ಮೊದಲೇ ಅಭ್ಯಾಸದಿಂದ ಇಬ್ಬರಿಗೂ ಎಚ್ಚರವಾಗಿತ್ತು. ಪಾರ್ಕಿಂಗ್ ಲಾಟಿನಲ್ಲಿ ಒಂದೊಂದೇ ಕಾರು ಶುರುವಾಗಿ ಸ್ಟೇಷನ್ನಿನ ಕಡೆಗೆ ಹೊರಡುತ್ತಿತ್ತು. ಗಾಜಿನ ಮೇಲಿನ ಮಂಜು ಕೆರೆಯುವ ಸದ್ದು, ಬಾಗಿಲು ಹಾಕುವ ಸದ್ದು. ನಾವು ಏಳಲಿಲ್ಲ. ಗಂಡ ಕತ್ತಲಲ್ಲಿ, "ಹುಡುಗಿ ಆಗಿರ್ತಿತ್ತು ಅಂತ ನಂಗೆ ಯಾಕೋ ಅನ್ನಿಸ್ತಿತ್ತು," ಎಂದರು. "ನಂಗೂ," ಎಂದೆ. ಆಮೇಲೆ ಅವರು ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಮಲಗಿದೆ. ಹೊರಗೆ ಕಾರುಗಳ ಸದ್ದು ನಿಂತ ಮೇಲೆ ಇಬ್ಬರಿಗೂ ನಿದ್ದೆ ಹತ್ತಿತು.